ಶಂಖದೊಳಗೆ ಯಾರಿದ್ದಾರೆ? ಉಷ್ಣವಲಯದ ಸಮುದ್ರದ ಸನ್ಯಾಸಿ ಏಡಿಯನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಸಾಮಾನ್ಯವಾಗಿ ಖಾಲಿ ಶಂಖವನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಜೀವಿಯೇ ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್). "ನೀಲಿ ಕಾಲಿನ ಸನ್ಯಾಸಿ ಏಡಿ ನೋಡಿದೆ, ಅದರ ಹೆಸರೇನು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀಲಿ ಎಲ್ಲಿತ್ತು? ಕಾಲಿನ ಸುತ್ತ ಬಳೆಯ ಹಾಗಿತ್ತೋ, ಉದ್ದಕ್ಕೆ ಗೆರೆ ಎಳೆದ ಹಾಗಿತ್ತೋ, ಇಲ್ಲಾ ಗಂಟಿನ ಹತ್ತಿರ ಮಚ್ಚೆಯ ಹಾಗಿತ್ತೋ?

ಬಳೆಯಾದರೆ ಅದು ಕಾಲ್ಸಿನಸ್ ಎಲೆಗನ್ಸ್ ಇರಬಹುದು. ಉದ್ದ ಗೆರೆಯಾದರೆ ಕ್ಲಿಬನೇರಿಯಸ್ ಲಾಂಗಿಟಾರ್ಸಸ್ ಇರಬಹುದು. ಗಂಟಿನ ಮೇಲೆ ನೀಲಿ ಮಚ್ಚೆಯಿದ್ದು ಮೈತುಂಬ ಕೂದಲಿದ್ದರೆ ಡಾರ್ಡೇನಸ್ ಗಟ್ಟೇಟಸ್ ನೆನಪಾಗುತ್ತದೆ. ಕಾಲೆಲ್ಲಾ ನೀಲಿ, ಗಂಟುಗಳಲ್ಲಿ ಮಾತ್ರ ಕಿತ್ತಳೆ ಕೆಂಪು, ನೋಡಿದ ಜಾಗ ಕೆರಿಬಿಯನ್ ಅಂದರೆ ಕ್ಲಿಬನೇರಿಯಸ್ ಟ್ರೈಕಲರ್. ಒಂದೇ "ನೀಲಿ ಕಾಲು" ಎಂಬ ಮಾತಿನ ಹಿಂದೆ ನಾಲ್ಕು ಪ್ರಭೇದ, ಮೂರು ಕುಲ (ಹೆಸರಿನ ಮೊದಲ ಪದ ಕುಲದ್ದು, ಎರಡೂ ಪದ ಸೇರಿದರೆ ಪ್ರಭೇದದ ಹೆಸರು). ಬಣ್ಣ ನೋಡಿದ ತಕ್ಷಣ ಹೆಸರು ಕೊಟ್ಟುಬಿಟ್ಟರೆ ಎಡವುವುದು ಇಲ್ಲೇ.

ನಾನು ಅನುಸರಿಸುವ ಕ್ರಮ ಹೀಗಿದೆ. ಶಂಖದ ವಿಚಾರ ಸದ್ಯಕ್ಕೆ ಪಕ್ಕಕ್ಕಿರಲಿ. ಮೊದಲು ಕೈ, ಅಂದರೆ ಇಕ್ಕಳ ನೋಡಿ, ಆಮೇಲೆ ಬೆರಳ ತುದಿ, ಆಮೇಲೆ ಮುಖ, ಆಮೇಲೆ ಕಾಲು. ಬಣ್ಣವನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳಿ, ಆದರೆ ಎಲ್ಲಕ್ಕಿಂತ ಕೊನೆಗೆ ಬಳಸಿ. ಸಾಕ್ಷಿ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಮಾತ್ರ ಹೆಸರು ಕೊಡಿ. ಕುಲದವರೆಗೆ ಗೊತ್ತಾಗಿದೆ ಅಂದರೆ ಕುಲದಲ್ಲೇ ನಿಲ್ಲಿಸುವುದು ಸೋಲಲ್ಲ, ಅದೇ ಸರಿಯಾದ ಉತ್ತರ.

ಇದು ಏಡಿಗಳ ಯಾವ ಮನೆತನ?

ಸನ್ಯಾಸಿ ಏಡಿ ನಿಜವಾದ ಏಡಿಗಳ ಗುಂಪಿಗೆ ಸೇರಿಲ್ಲ. ಎರಡೂ ಹತ್ತು ಕಾಲಿನ ಡೆಕಾಪೋಡಾ ಗಣಕ್ಕೆ ಸೇರಿವೆ ನಿಜ. ಆದರೆ ನಿಜವಾದ ಏಡಿಗಳು ಬ್ರಾಕ್ಯುರಾ ಗುಂಪಿನವು, ಸನ್ಯಾಸಿ ಏಡಿಗಳು ಅನೋಮುರಾ ಗುಂಪಿನವು. ಅನೋಮುರಾದೊಳಗೆ ಪಾಗುರಾಯ್ಡಿಯಾ ಎಂಬ ಮೇಲ್ಕುಟುಂಬದಲ್ಲಿ ಇವುಗಳ ಜಾಗ. ಇಲ್ಲಿಯವರೆಗೆ 1100ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರು ಸಿಕ್ಕಿದೆ.

ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಾಮಾನ್ಯ ಏಡಿಗೆ ಇಕ್ಕಳದ ಕೈ ಬಿಟ್ಟು ನಾಲ್ಕು ಜೊತೆ ಕಾಲು ಹೊರಗೆ ಕಾಣುತ್ತವೆ. ಸನ್ಯಾಸಿ ಏಡಿಯಲ್ಲಿ ಎರಡೇ ಜೊತೆ ಕಾಣುತ್ತವೆ. ಉಳಿದ ಎರಡು ಜೊತೆ ಚಿಕ್ಕವಾಗಿ ಶಂಖದೊಳಗೇ ಇರುತ್ತವೆ. ಆ ಚಿಕ್ಕ ಕಾಲುಗಳ ತುದಿಯಲ್ಲಿ ಅರದಂತೆ ಒರಟಾದ ಭಾಗವಿದೆ. ಶಂಖದ ಒಳಗೋಡೆಗೆ ಒತ್ತಿ ಹಿಡಿಯಲು ಅದು ಬೇಕು. ಹೊಟ್ಟೆಯ ಭಾಗ ಮೆತ್ತಗಿದ್ದು ಬಲಕ್ಕೆ ತಿರುಚಿಕೊಂಡಿರುತ್ತದೆ, ಯಾಕೆಂದರೆ ಬಹುಪಾಲು ಶಂಖಗಳು ಬಲಕ್ಕೇ ಸುತ್ತಿಕೊಂಡಿರುತ್ತವೆ. ಬಾಲದ ತುದಿಯ ಕೊಕ್ಕೆಯಂಥ ಅಂಗ ಎಡಗಡೆ ದೊಡ್ಡದು, ಬಲಗಡೆ ಚಿಕ್ಕದು. ಶಂಖದ ನಡುಕಂಬಕ್ಕೆ ಸಿಕ್ಕಿಸಿಕೊಳ್ಳುವುದು ಅದರಿಂದಲೇ.

ಮುಟ್ಟುವ ಮೊದಲು

ಎರಡು ಎಚ್ಚರಿಕೆ. ಒಂದು ನಿಮಗಾಗಿ, ಒಂದು ಏಡಿಗಾಗಿ.

ಶಂಕುವಿನ ಆಕಾರದ ಶಂಖ ಕಂಡರೆ, ಒಳಗೆ ಸನ್ಯಾಸಿ ಏಡಿಯೇ ಇದೆ ಅಂದುಕೊಂಡು ಕೈ ಹಾಕಬೇಡಿ. ಅದು ಜೀವಂತ ಕೋನಸ್ ಬಸವನಹುಳು ಆಗಿರಬಹುದು. ಅದು ಈಟಿಯಂಥ ಹಲ್ಲಿನಿಂದ ವಿಷ ಚುಚ್ಚುತ್ತದೆ. ಕೋನಸ್ ಜಿಯೋಗ್ರಾಫಸ್ ಎಂಬ ಪ್ರಭೇದದ ಚುಚ್ಚುವಿಕೆಯಿಂದ ಮನುಷ್ಯರು ಸತ್ತಿದ್ದಾರೆ. ಕಾಲುಗಳು ಹೊರಬಂದು ನಡೆಯುವುದನ್ನು ಕಣ್ಣಾರೆ ಕಾಣುವವರೆಗೆ ಕೋನ್ ಶಂಖವನ್ನು ಎತ್ತಬೇಡಿ.

ಎರಡನೆಯದು, ಏಡಿಯನ್ನು ಶಂಖದಿಂದ ಎಳೆಯಬೇಡಿ. ಎಳೆದರೆ ಅದು ಬಿಡುವುದಿಲ್ಲ, ಹರಿದುಹೋಗುತ್ತದೆ. ಶಂಖ ಬಿಸಿ ಮಾಡುವುದು, ಒಡೆಯುವುದು, ಸಿಹಿನೀರಿಗೆ ಹಾಕುವುದು ಯಾವುದೂ ಬೇಡ. ಗುರುತಿಸಲು ಬೇಕಾದ ಹೆಚ್ಚಿನ ಲಕ್ಷಣಗಳೆಲ್ಲ ಅದು ತಾನಾಗಿ ಹೊರಚಾಚುವ ಭಾಗದಲ್ಲೇ ಇವೆ. ಜಾಗ ಸಂರಕ್ಷಿತ ಸಮುದ್ರ ಪ್ರದೇಶವಾಗಿದ್ದರೆ ಎತ್ತುವುದಕ್ಕೂ ಅನುಮತಿ ಬೇಕಾಗಬಹುದು. ಅದನ್ನು ಮೊದಲೇ ವಿಚಾರಿಸಿ.

ಹಂತ 1: ಫೋಟೋ, ಅದೂ ಸರಿಯಾದ ಫೋಟೋ

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಚಪ್ಪಟೆ ತಳದ, ಪಾರದರ್ಶಕ ಡಬ್ಬ. ಅದೇ ಜಾಗದ ಸಮುದ್ರದ ನೀರು. ಮಿಲಿಮೀಟರ್ ಗುರುತಿರುವ ಸ್ಕೇಲು. ಒಂದು ಕೈಲೆನ್ಸು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು.

ಏಡಿಯನ್ನು ಡಬ್ಬಕ್ಕಿಟ್ಟು, ನೀರು ಅದರ ಮೇಲೆ ಎರಡು ಬೆರಳಷ್ಟು ಬರುವ ಹಾಗೆ ನೋಡಿಕೊಳ್ಳಿ. ನೆರಳಿನಲ್ಲಿಡಿ. ಆಮೇಲೆ ಅಲುಗಾಡದೆ ಕಾಯಿರಿ. ಮೊದಲು ಹೊರಬರುವುದು ಪುಟ್ಟ ಮೀಸೆ. ಅದು ನೀರನ್ನು ಟಪಟಪ ಅಂತ ತಟ್ಟಿ ವಾಸನೆ ನೋಡುತ್ತದೆ. ಅದರ ಹಿಂದೆ ಎರಡು ಕಣ್ಣು, ದಂಟಿನ ತುದಿಯಲ್ಲಿ. ಆಮೇಲೆ ಕಾಲಿನ ತುದಿ ತಳವನ್ನು ಮುಟ್ಟಿ ನೋಡುತ್ತದೆ. ನಿಮ್ಮ ನೆರಳು ಬಿದ್ದರೆ ಎಲ್ಲ ಒಂದೇ ಸಲ ಒಳಗೆ. ಮತ್ತೆ ಮೊದಲಿನಿಂದ ಕಾಯಬೇಕು. ಈ ಕಾಯುವಿಕೆ ನನಗಂತೂ ಇಡೀ ಕೆಲಸದಲ್ಲಿ ಅತಿ ಇಷ್ಟದ ಭಾಗ.

ಕನಿಷ್ಠ ಐದು ಫೋಟೋ ಬೇಕು: ಎದುರಿನಿಂದ ಮುಖ, ಎಡ ಇಕ್ಕಳದ ಹೊರಮೈ, ಎರಡೂ ಇಕ್ಕಳಗಳ ಬೆರಳ ತುದಿ, ಪಕ್ಕದಿಂದ ನಡೆಯುವ ಕಾಲುಗಳು, ಡಬ್ಬದ ತಳದ ಕೆಳಗಿನಿಂದ ಬಾಯಿಯ ಭಾಗ. ಇವುಗಳ ಜೊತೆ ಶಂಖದ್ದೊಂದು, ಸ್ಕೇಲ್ ಇಟ್ಟು ಒಂದು. ನಾನು ಶುರು ಮಾಡಿದ ಕಾಲದಲ್ಲಿ ಒಂದೇ ಏಡಿಯ ಹನ್ನೆರಡು ಫೋಟೋ ಮೇಲಿನಿಂದಲೇ ತೆಗೆದಿದ್ದೆ. ಚೆಂದವಾಗಿದ್ದವು. ಒಂದರಲ್ಲೂ ಬೆರಳ ತುದಿ ಕಾಣಲಿಲ್ಲ, ಹಾಗಾಗಿ ಕುಲವೇ ಗೊತ್ತಾಗಲಿಲ್ಲ. ಅಂದಿನಿಂದ ಬೆರಳ ತುದಿಯ ಫೋಟೋ ಸಿಗುವವರೆಗೆ ನಾನು ಎದ್ದೇಳುವುದಿಲ್ಲ.

ಇನ್ನೊಂದು ಮಾತು. ಮೊಬೈಲಿನ ಮುಂದಿನ ಕ್ಯಾಮೆರಾ ಕೆಲವೊಮ್ಮೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತದೆ. ಎಡಗೈ ಬಲಗೈ ಆಗಿಬಿಡುತ್ತದೆ. ಸನ್ಯಾಸಿ ಏಡಿಯ ವಿಷಯದಲ್ಲಿ ಇದು ಇಡೀ ಕುಟುಂಬವನ್ನೇ ಬದಲಾಯಿಸುವ ತಪ್ಪು. ಹಿಂದಿನ ಕ್ಯಾಮೆರಾ ಬಳಸಿ. ಎಡ ಬಲ ಅಂದರೆ ಯಾವಾಗಲೂ ಏಡಿಯ ಎಡ ಬಲ, ನೋಡುವವರದ್ದಲ್ಲ.

ಹಂತ 2: ಬಣ್ಣ ಬರೆಯಿರಿ, ಈಗಲೇ

ಜೀವಂತ ಇರುವಾಗಲೇ ಪ್ರತಿ ಭಾಗದ ಬಣ್ಣ ಬೇರೆ ಬೇರೆ ಬರೆಯಿರಿ. ಕಣ್ಣಿನ ದಂಟು, ಅದರ ಬುಡ, ಕಣ್ಣಿಗೆ ತಾಗಿದ ಭಾಗ, ಚಿಕ್ಕ ಮೀಸೆ, ದೊಡ್ಡ ಮೀಸೆ, ಎಡ ಅಂಗೈ (ಇಕ್ಕಳದ ಬೆರಳುಗಳ ಹಿಂದಿನ ದಪ್ಪ ಭಾಗ), ಬೆರಳು, ಕಾಲಿನ ಪ್ರತಿ ಖಂಡ, ಕಾಲಿನ ತುದಿ ಉಗುರು. ಪಟ್ಟೆ ಅಡ್ಡಕ್ಕೋ ಉದ್ದಕ್ಕೋ, ಚುಕ್ಕಿಗೆ ಅಂಚು ಇದೆಯೋ ಇಲ್ಲವೋ.

ಇಷ್ಟು ಸಣ್ಣ ವಿವರ ಯಾಕೆ ಬೇಕು ಅನ್ನುವುದಕ್ಕೆ ಕಾಲ್ಸಿನಸ್ ಕುಲವೇ ಸಾಕ್ಷಿ. ಆಲ್ಕೋಹಾಲಿನಲ್ಲಿಟ್ಟ ಮಾದರಿಯ ಬಣ್ಣ ಮಾಸಿಹೋಗುತ್ತದೆ. ಹಳೆಯ ಸಂಗ್ರಹಗಳಲ್ಲಿ ಬಿಳಚಿಕೊಂಡ ಏಡಿಗಳನ್ನಷ್ಟೇ ನೋಡುತ್ತಿದ್ದವರಿಗೆ ಕೆಲವು ಪ್ರಭೇದಗಳು ಒಂದೇ ಥರ ಕಾಣುತ್ತಿದ್ದವು. ಕಾಲ್ಸಿನಸ್ ಗೈಮಾರ್ಡಿಗೆ 1848ರಲ್ಲೇ ಹೆಸರು ಬಂದಿತ್ತು. ಅದರ ಜೊತೆ ಬಹಳ ಕಾಲ ಕಲೆಸಿಹೋಗಿದ್ದ ಇನ್ನೊಂದಕ್ಕೆ ಕಾಲ್ಸಿನಸ್ ಮಾರ್ಗನಿ ಎಂಬ ಸ್ವಂತ ಹೆಸರು ಬಂದದ್ದು 1999ರಲ್ಲಿ. ಇವೆರಡನ್ನು ಬಿಡಿಸಲು ಜೀವಂತ ಏಡಿಯ ಬಣ್ಣವೇ ದೊಡ್ಡ ಆಧಾರ. ನಿಮ್ಮ ಟಿಪ್ಪಣಿ ಪುಸ್ತಕದ ಒಂದು ಸಾಲು ಎಂಥ ಕೆಲಸಕ್ಕೆ ಬರಬಹುದು ನೋಡಿ.

ಆದರೂ ಬಣ್ಣವನ್ನೇ ಮೊದಲ ಆಧಾರ ಮಾಡಿಕೊಳ್ಳಬೇಡಿ ಅನ್ನುತ್ತೇನೆ. ಮರಿಗಳ ಬಣ್ಣ ದೊಡ್ಡವುಗಳಿಗಿಂತ ಬೇರೆ ಇರುತ್ತದೆ. ಪೊರೆ ಕಳಚುವ ಮುಂಚೆ ಮಂಕಾಗಿ, ಕಳಚಿದ ಮೇಲೆ ಹೊಳೆಯುತ್ತದೆ. ಪಾಚಿ ಬೆಳೆದರೆ ಎಲ್ಲವೂ ಹಸಿರೇ. ಕುಲ ಗೊತ್ತಾದ ಮೇಲೆ ಬಣ್ಣ ಬಹಳ ಬಲವಾದ ಸಾಕ್ಷಿ. ಅದಕ್ಕೆ ಮೊದಲು ಅದು ದಾರಿ ತಪ್ಪಿಸುತ್ತದೆ.

ಹಂತ 3: ಮೈಯ ನಕಾಶೆ

ಮುಂದೆ ಹೋಗುವ ಮೊದಲು ಐದಾರು ಭಾಗಗಳ ಪರಿಚಯ ಬೇಕು.

ತಲೆ ಎದೆ ಸೇರಿದ ಚಿಪ್ಪಿನಲ್ಲಿ ಮುಂದಿನ ಗಟ್ಟಿ ಭಾಗಕ್ಕೆ ಗುರಾಣಿ ಅನ್ನೋಣ. ಹಿಂದಿನ ಭಾಗ ಮೆತ್ತಗೆ. ಗಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಅಡ್ಡ ಕಾಲುವೆ ಕಾಣುತ್ತದೆ. ಗುರಾಣಿಯ ಮುಂದಿನ ಮೂತಿಯ ತುದಿಯಿಂದ ಆ ಕಾಲುವೆಯವರೆಗಿನ ಉದ್ದವೇ ಸನ್ಯಾಸಿ ಏಡಿಯ ಅಳತೆ. ಶಂಖದ ಅಳತೆಯಲ್ಲ, ಚಾಚಿದ ಕಾಲಿನ ಅಳತೆಯೂ ಅಲ್ಲ. ಎರಡು ಏಡಿಗಳನ್ನು ಹೋಲಿಸುವಾಗ ಗುರಾಣಿಯ ಉದ್ದವನ್ನೇ ಮಿಲಿಮೀಟರಿನಲ್ಲಿ ಬರೆಯುತ್ತಾರೆ.

ಕಣ್ಣು ದಂಟಿನ ಮೇಲಿರುತ್ತದೆ. ಆ ದಂಟಿನ ಬುಡದಲ್ಲಿ ಪುಟ್ಟ ಹುರುಪೆಯಂಥ ಭಾಗವಿದೆ, ಅದರ ಅಂಚಿನಲ್ಲಿ ಮುಳ್ಳು. ಮುಳ್ಳು ಒಂದೋ ಮೂರೋ ಅನ್ನುವುದು ಪ್ರಭೇದ ಗುರುತಿಸುವಾಗ ಲೆಕ್ಕಕ್ಕೆ ಬರುತ್ತದೆ. ಮೀಸೆ ಎರಡು ಜೊತೆ: ಕಣ್ಣುಗಳ ನಡುವಿನ ಚಿಕ್ಕವು, ಹೊರಗಿನ ಉದ್ದದವು.

ಕಾಲಿನ ಕೊನೆಯ ಎರಡು ಖಂಡಗಳನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ತುದಿಯ ಖಂಡಕ್ಕೆ ಪಾದ ಅನ್ನೋಣ, ಅದರ ಹಿಂದಿನದಕ್ಕೆ ಮುಂಗಾಲು. ಪಾದ ಮುಂಗಾಲಿಗಿಂತ ಉದ್ದವೋ ಗಿಡ್ಡವೋ ಅನ್ನುವುದನ್ನು ಮತ್ತೆ ಮತ್ತೆ ಕೇಳಬೇಕಾಗುತ್ತದೆ.

ಗಂಡು ಹೆಣ್ಣು ತಿಳಿಯಲು ಕಾಲಿನ ಬುಡದ ರಂಧ್ರ ನೋಡಬೇಕು. ಇಕ್ಕಳವನ್ನು ಒಂದನೆಯ ಜೊತೆ ಎಂದು ಎಣಿಸಿದರೆ, ಹೆಣ್ಣಿಗೆ ಮೂರನೆಯ ಜೊತೆಯ ಬುಡದಲ್ಲಿ, ಗಂಡಿಗೆ ಐದನೆಯ ಜೊತೆಯ ಬುಡದಲ್ಲಿ. ಶಂಖದಲ್ಲಿರುವಾಗ ಇದು ಸಾಮಾನ್ಯವಾಗಿ ಕಾಣುವುದಿಲ್ಲ.

ಕಳಚಿದ ಪೊರೆ ಸಿಕ್ಕರೆ ಅದೃಷ್ಟ

ಅಕ್ವೇರಿಯಂನಲ್ಲಿ ಸಾಕುವವರು ಇದನ್ನು ಗಮನಿಸಿ. ಏಡಿ ಬೆಳೆಯುವಾಗ ಹಳೆಯ ಹೊರಕವಚ ಕಳಚುತ್ತದೆ. ತಳದಲ್ಲಿ ಅದು ಬಿದ್ದಿರುವುದನ್ನು ನೋಡಿ ಏಡಿ ಸತ್ತೇಹೋಯಿತು ಅಂತ ಗಾಬರಿಯಾಗುವವರೇ ಜಾಸ್ತಿ. ಆ ಪೊರೆಯಲ್ಲಿ ಗುರಾಣಿ, ಇಕ್ಕಳ, ಕಾಲು, ಕಣ್ಣಿನ ದಂಟಿನ ಹೊದಿಕೆ, ಮುಳ್ಳು, ಬಾಯಿಯ ಭಾಗ ಎಲ್ಲ ಇರುತ್ತವೆ. ಏಡಿಗೆ ಒಂದಿಷ್ಟೂ ನೋವಾಗದೆ ಸೂಕ್ಷ್ಮದರ್ಶಕದ ಕೆಳಗೆ ಇಡೀ ಮೈಯನ್ನು ನೋಡಬಹುದು. ಅಗಲ ಬಾಯಿಯ ಪುಟ್ಟ ಚಮಚದಿಂದ ಎತ್ತಿ, 70 ಶೇಕಡಾ ಆಲ್ಕೋಹಾಲಿನಲ್ಲಿ ಸಣ್ಣ ಸೀಸೆಗೆ ಹಾಕಿ. ಒಣಗಲು ಬಿಟ್ಟರೆ ಮುರುಟಿ ಪುಡಿಯಾಗುತ್ತದೆ. ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ಒಂದು ಮಾತು: ಏಡಿ ಪೊರೆಯನ್ನು ತಾನೇ ತಿನ್ನುತ್ತಿದ್ದರೆ ಬಿಟ್ಟುಬಿಡಿ. ಹೊಸ ಕವಚಕ್ಕೆ ಅದರ ಸುಣ್ಣದಂಶ ಬೇಕು.

ಹಂತ 4: ಯಾವ ಕೈ ದೊಡ್ಡದು? ಕುಟುಂಬ ಇಲ್ಲಿ ತಿಳಿಯುತ್ತದೆ

ಎಡ ಇಕ್ಕಳ ದೊಡ್ಡದು ಅಥವಾ ಎರಡೂ ಹೆಚ್ಚುಕಡಿಮೆ ಸಮ ಇದ್ದರೆ ಡಯೋಜಿನಿಡೇ ಕುಟುಂಬದ ಕಡೆ ಹೋಗಿ. ದೊಡ್ಡ ಜಾಡಿಯೊಳಗೆ ವಾಸವಿದ್ದ ಅಂತ ಹೇಳುವ ಗ್ರೀಕ್ ತತ್ವಜ್ಞಾನಿ ಡಯೋಜಿನಿಸ್‌ನ ಹೆಸರು ಇದು. ಶಂಖದೊಳಗಿನ ಜೀವಿಗೆ ಒಪ್ಪುವ ಹೆಸರು, ಅಲ್ವಾ? ಬಲ ಇಕ್ಕಳ ದೊಡ್ಡದಿದ್ದರೆ ಪಾಗುರಿಡೇ ಕುಟುಂಬ. ಉಷ್ಣವಲಯದ ಹವಳದ ದಿಬ್ಬ ಮತ್ತು ಬಂಡೆ ತೀರದ ತೆಳು ನೀರಿನಲ್ಲಿ ಎದ್ದು ಕಾಣುವ ಸನ್ಯಾಸಿ ಏಡಿಗಳಲ್ಲಿ ಹೆಚ್ಚಿನವು ಡಯೋಜಿನಿಡೇ ಬಳಗದವು. ತಣ್ಣನೆಯ ಸಮುದ್ರಗಳಲ್ಲಿ ಪಾಗುರಿಡೇ ಜಾಸ್ತಿ. ಉಷ್ಣವಲಯದ ಪಾಗುರಿಡೇಗಳು ಇಲ್ಲ ಅಂತಲ್ಲ, ಆದರೆ ಬಹಳಷ್ಟು ಪುಟ್ಟವು, ಸಂದಿಗಳಲ್ಲಿ ಅಡಗಿರುವಂಥವು.

ಕೈಯ ಲೆಕ್ಕವೊಂದನ್ನೇ ನಂಬಿದರೆ ಎರಡು ಕಡೆ ಮೋಸ ಹೋಗುತ್ತೇವೆ. ಏಡಿಯ ಇಕ್ಕಳ ಜಗಳದಲ್ಲಿ ಮುರಿದು ಮತ್ತೆ ಬೆಳೆಯುತ್ತಿದ್ದರೆ ಅದು ಚಿಕ್ಕದಾಗಿರುತ್ತದೆ. ಆಗ ಇನ್ನೊಂದು ಕೈ ದೊಡ್ಡದಾಗಿ ಕಾಣುತ್ತದೆ. ಎರಡನೆಯದು ನಿಜವಾದ ಅಪವಾದ. ಕೆರಿಬಿಯನ್‌ನ ದೈತ್ಯ ಸನ್ಯಾಸಿ ಏಡಿ ಪೆಟ್ರೋಕೈರಸ್ ಡಯೋಜಿನಿಸ್ ಹೆಸರಿನಲ್ಲೂ ಕುಟುಂಬದಲ್ಲೂ ಡಯೋಜಿನಿಡೇ ಆದರೂ ಅದರ ಬಲ ಇಕ್ಕಳವೇ ತುಸು ದೊಡ್ಡದು.

ಹಾಗಾಗಿ ಖಾತ್ರಿಗೆ ಬಾಯಿ ನೋಡಬೇಕು. ಬಾಯಿಯ ಹೊರಗೆ ಆಹಾರ ಹಿಡಿಯುವ ಪುಟ್ಟ ಕಾಲುಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹೊರಗಿನ, ಮೂರನೆಯ ಜೊತೆಯ ಬುಡಗಳನ್ನು ಗಮನಿಸಿ. ಎರಡೂ ಬುಡ ಒಂದಕ್ಕೊಂದು ತಾಗಿದಂತೆ ಹತ್ತಿರ ಇದ್ದರೆ ಡಯೋಜಿನಿಡೇ. ನಡುವೆ ಅಗಲ ಜಾಗವಿದ್ದರೆ ಪಾಗುರಿಡೇ. ಡಬ್ಬದ ತಳದಿಂದ ತೆಗೆದ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಪೊರೆಯಲ್ಲಾದರೆ ಇನ್ನೂ ಸ್ಪಷ್ಟ.

ತೀರದ ಮೇಲೆಯೇ ಓಡಾಡುತ್ತಿದ್ದರೆ ಅದು ನೆಲದ ಸನ್ಯಾಸಿ ಏಡಿ ಸೀನೋಬೈಟಾ ಇರಬಹುದು. ಅದರ ಕಣ್ಣಿನ ದಂಟು ಪಕ್ಕದಿಂದ ಒತ್ತಿದಂತೆ ಚಪ್ಪಟೆ, ಚಿಕ್ಕ ಮೀಸೆ ಉದ್ದವಾಗಿ ಮಡಚಿಕೊಂಡು ತುದಿ ಮೊಂಡಾಗಿರುತ್ತದೆ. ಅದರ ಕುಟುಂಬ ಸೀನೋಬೈಟಿಡೇ. ತೆಂಗಿನ ಏಡಿಯೂ ಅದೇ ಮನೆಯದು. ಆಳ ಸಮುದ್ರದ ಪ್ಯಾರಾಪಾಗುರಿಡೇ, ಮರದ ತುಂಡು ಮತ್ತು ಸ್ಪಂಜಿನ ತೂತುಗಳಲ್ಲಿರುವ ಪೈಲೋಕೆಲಿಡೇ ಕುಟುಂಬಗಳು ತೀರದಲ್ಲಿ ನಿಂತವರಿಗೆ ಸಿಗುವುದಿಲ್ಲ.

ಹಂತ 5: ಬೆರಳ ತುದಿ, ಇಲ್ಲಿ ಕುಲ ಸಿಗುತ್ತದೆ

ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಇದೇ ಮುಖ್ಯ ಹಂತ. ಲೆನ್ಸ್ ಹಿಡಿದು ಇಕ್ಕಳದ ಬೆರಳುಗಳ ತುದಿ ನೋಡಿ.

ತುದಿ ಬೆಳ್ಳಗೆ, ಸುಣ್ಣದಂತೆ ಗಟ್ಟಿ, ಚಮಚದ ಹಾಗೆ ಸ್ವಲ್ಪ ಗುಳಿಬಿದ್ದಿದೆಯೇ? ಕಪ್ಪು ಉಗುರು ಇಲ್ಲವೇ? ಎಡ ಇಕ್ಕಳ ದೊಡ್ಡದಿದ್ದು ಮೈ ನುಣುಪಾಗಿ, ಕೂದಲು ಕಡಿಮೆ ಇದೆಯೇ? ಹಾಗಿದ್ದರೆ ಕಾಲ್ಸಿನಸ್.

ತುದಿಯಲ್ಲಿ ಮಸಿ ಹಚ್ಚಿದ ಹಾಗೆ ಕಪ್ಪು ಉಗುರಿದೆಯೇ? ಎರಡೂ ಇಕ್ಕಳ ಸಮನಾಗಿವೆಯೇ? ಬೆರಳುಗಳು ಕತ್ತರಿಯನ್ನು ಮೇಜಿನ ಮೇಲೆ ಮಲಗಿಸಿ ತೆರೆದಂತೆ ಅಡ್ಡಕ್ಕೆ ತೆರೆಯುತ್ತವೆಯೇ? ಹಾಗಿದ್ದರೆ ಕ್ಲಿಬನೇರಿಯಸ್.

ಕಪ್ಪು ಉಗುರಿದೆ, ಆದರೆ ಬೆರಳು ಓರೆಯಾಗಿ ಅಥವಾ ಮೇಲೆ ಕೆಳಗೆ ತೆರೆಯುತ್ತದೆ, ಎಡ ಇಕ್ಕಳ ಹೆಚ್ಚಾಗಿ ದೊಡ್ಡದು, ಏಡಿಯೂ ಗಾತ್ರದಲ್ಲಿ ದೊಡ್ಡದು, ಕೂದಲೂ ಜಾಸ್ತಿ ಅಂದರೆ ಡಾರ್ಡೇನಸ್. ಕೆಂಪು ಮೈಯ ಮೇಲೆ ಕಪ್ಪು ಅಂಚಿನ ಬಿಳಿ ಚುಕ್ಕಿಗಳಿರುವ ದೊಡ್ಡ ಏಡಿಯ ಚಿತ್ರ ನೋಡಿದ್ದೀರಲ್ಲ, ಅದು ಡಾರ್ಡೇನಸ್ ಮೆಜಿಸ್ಟೋಸ್.

ಈ ಮೂರು ಕುಲಗಳನ್ನು ಬಿಡಿಸಲು ಬಂದರೆ ಉಷ್ಣವಲಯದ ತೀರದಲ್ಲಿ ಕಾಣುವ ಬಹಳಷ್ಟು ಏಡಿಗಳಿಗೆ ಅರ್ಧ ಹೆಸರು ಸಿಕ್ಕಿದ ಹಾಗೆ. ಉಳಿದವುಗಳಿಗೆ ಒಂದೊಂದು ಎದ್ದು ಕಾಣುವ ಗುರುತಿದೆ. ಮರಳಿನಲ್ಲಿ ಸಿಗುವ ಪುಟ್ಟ ಏಡಿ, ಉದ್ದ ಮೀಸೆಯಲ್ಲಿ ಗರಿಯಂತೆ ಕೂದಲು, ಕಣ್ಣುಗಳ ನಡುವೆ ಅಲುಗಾಡುವ ಒಂದು ಪುಟ್ಟ ಮುಳ್ಳು: ಅದು ಡಯೋಜಿನಿಸ್ ಕುಲ. ಆ ಗರಿಮೀಸೆಯನ್ನು ನೀರಿನಲ್ಲಿ ಬೀಸಿ ಆಹಾರ ಸೋಸಿಕೊಳ್ಳುತ್ತದೆ. ಕಾಲು, ಇಕ್ಕಳಗಳ ಸುತ್ತ ಹುರುಪೆಯ ಸಾಲು, ಪ್ರತಿ ಸಾಲಿನ ಅಂಚಿಗೆ ಕೂದಲು ಇದ್ದರೆ ಅನಿಕ್ಯುಲಸ್. ಕಾಲಿನ ಮೇಲೆ ಸಪೂರ ಅಡ್ಡ ಗೀರುಗಳು, ಅಂಗೈಯ ಒಳಮೈಯಲ್ಲಿ ಉಜ್ಜಿ ಸದ್ದು ಮಾಡುವ ಏಣುಗಳ ಸಾಲು ಇದ್ದರೆ ಸಿಲಿಯೋಪಾಗುರಸ್. ಎರಡೂ ಇಕ್ಕಳ ಸಮ, ಗಂಡಿನ ಹೊಟ್ಟೆಯ ಮೊದಲ ಎರಡು ಖಂಡಗಳಲ್ಲಿ ಜೊತೆ ಜೊತೆ ಅಂಗಗಳಿದ್ದರೆ ಪಾಗುರಿಸ್ಟಿಸ್. ಇದನ್ನು ಶಂಖದಲ್ಲಿರುವಾಗ ಖಚಿತ ಮಾಡಲು ಆಗುವುದಿಲ್ಲ.

ಹಂತ 6: ಪ್ರಭೇದದ ಕಡೆಗೆ

ಈಗ ಬಣ್ಣದ ಟಿಪ್ಪಣಿ ತೆಗೆಯಿರಿ. ಜೊತೆಗೆ ಅಳತೆಗಳನ್ನೂ. ಪಾದಕ್ಕೂ ಮುಂಗಾಲಿಗೂ ಇರುವ ಅನುಪಾತ, ಕಣ್ಣಿನ ದಂಟು ಗುರಾಣಿಗೆ ಹೋಲಿಸಿದರೆ ಎಷ್ಟುದ್ದ, ದಂಟಿನ ಬುಡದ ಮುಳ್ಳುಗಳ ಸಂಖ್ಯೆ, ಎಡ ಅಂಗೈಯ ಮೇಲಂಚಿನಲ್ಲಿ ಗುಬುಟೋ ಮುಳ್ಳೋ, ಮೂರನೆಯ ಜೊತೆ ಕಾಲಿನ ಕೆಳಗಡೆ ಬ್ರಷ್ಷಿನಂತೆ ದಟ್ಟ ಕೂದಲಿದೆಯೋ ಇಲ್ಲವೋ. ಕೊನೆಯದು ಕೆಲವು ಕಾಲ್ಸಿನಸ್ ಪ್ರಭೇದಗಳನ್ನು ಬೇರ್ಪಡಿಸಲು ನೇರವಾಗಿ ಉಪಯೋಗವಾಗುತ್ತದೆ.

ಕ್ಲಿಬನೇರಿಯಸ್ ಕುಲದಲ್ಲಿ ಅಳತೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಲಾಂಗಿಟಾರ್ಸಸ್ ಅಂದರೆ ಉದ್ದ ಪಾದದ್ದು. ಹೆಸರಿನಲ್ಲೇ ಉತ್ತರ ಇದೆ: ಪಾದ ಮುಂಗಾಲಿಗಿಂತ ಉದ್ದ. ಕಾಲಿನ ಪಕ್ಕದಲ್ಲಿ ನೀಲಿ ಗೆರೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು ನೀರಿನಲ್ಲಿ ಹುಡುಕಬೇಕು. ಕ್ಲಿಬನೇರಿಯಸ್ ವಿರೆಸೆನ್ಸ್‌ನ ಮೈ ಹಸಿರು ಛಾಯೆಯದು, ಪಾದ ಗಿಡ್ಡ ಮತ್ತು ಹಳದಿ. ಅದು ಬಂಡೆ ತೀರದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣ ಕಾಣದ ಕಪ್ಪು ಬಿಳುಪು ಫೋಟೋದಲ್ಲೂ ಬೇರೆ ಮಾಡಬಹುದು.

ಜಾಗ ಕೂಡ ಸಾಕ್ಷಿ. ಕ್ಲಿಬನೇರಿಯಸ್ ಟ್ರೈಕಲರ್, ಕಡುಗೆಂಪು ಮೈಯ ಪಾಗುರಿಸ್ಟಿಸ್ ಕೆಡೆನಾಟಿ, ಕಾಲ್ಸಿನಸ್ ಟಿಬಿಸೆನ್ ಇವೆಲ್ಲ ಅಟ್ಲಾಂಟಿಕ್ ಕಡೆಯವು. ಕಾಲ್ಸಿನಸ್ ಎಲೆಗನ್ಸ್, ಕಾಲ್ಸಿನಸ್ ಲೇವಿಮಾನಸ್, ಡಾರ್ಡೇನಸ್ ಮೆಜಿಸ್ಟೋಸ್ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನವು. ಆದರೆ ಅಕ್ವೇರಿಯಂ ವ್ಯಾಪಾರದಲ್ಲಿ ಎಲ್ಲ ಸಮುದ್ರದವೂ ಒಂದೇ ತೊಟ್ಟಿಯಲ್ಲಿ ಬರುತ್ತವೆ. ಹಾಗೆ ಸಿಕ್ಕ ಏಡಿಗೆ ಜಾಗದ ಸಾಕ್ಷಿ ನಡೆಯುವುದಿಲ್ಲ.

ಪಕ್ಕಕ್ಕಿಟ್ಟ ಶಂಖದ ವಿಚಾರವನ್ನು ಈಗ ಕೈಗೆತ್ತಿಕೊಳ್ಳಿ. ಅದು ಸುಳಿವು, ಸಾಕ್ಷಿ ಅಲ್ಲ. ಸಿಲಿಯೋಪಾಗುರಸ್ ಸ್ಟ್ರೈಗೇಟಸ್‌ನ ಮೈ ಚಪ್ಪಟೆ, ಕೋನ್ ಶಂಖದ ಕಿರಿದಾದ ಬಾಯಿಗೆ ಸರಿಹೊಂದುತ್ತದೆ. ಕೆಂಪು ಹಳದಿ ಪಟ್ಟೆಯ ಏಡಿ ಕೋನ್ ಶಂಖದಲ್ಲಿದ್ದರೆ ನಾನು ಮೊದಲು ಅದನ್ನೇ ಪರೀಕ್ಷಿಸುತ್ತೇನೆ. ಡಾರ್ಡೇನಸ್ ಪೆಡಂಕ್ಯುಲೇಟಸ್ ತನ್ನ ಶಂಖದ ಮೇಲೆ ಸಮುದ್ರ ಹೂವುಗಳನ್ನು (ಸೀ ಅನಿಮೋನಿ ಎಂಬ ಜೀವಿಗಳನ್ನು) ಹೊತ್ತು ತಿರುಗುತ್ತದೆ. ಇನ್ನು ಕೆಲವಕ್ಕೆ ಶಂಖವೇ ಇಲ್ಲ. ಪಾಗುರಿಟ್ಟಾ ಹವಳದೊಳಗಿನ ಕೊಳವೆಯಲ್ಲಿ ಕೂತು ಮೀಸೆಯಿಂದ ಆಹಾರ ಸೋಸುತ್ತದೆ. 2017ರಲ್ಲಿ ಜಪಾನಿನ ದ್ವೀಪಗಳಿಂದ ವರ್ಣಿಸಿದ ಡಯೋಜಿನಿಸ್ ಹೆಟೆರೊಸಾಮಿಕೋಲಾ ಜೀವಂತ ಹವಳವನ್ನೇ ಮನೆಯಾಗಿ ಹೊತ್ತು ನಡೆಯುತ್ತದೆ. ಅದನ್ನು ಮೊದಲ ಸಲ ಓದಿದಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ಹಂತ 7: ಕೀಲಿ ಓದುವುದು, ಹೆಸರು ಪರೀಕ್ಷಿಸುವುದು

ಗುರುತಿಸುವ ಕೀಲಿ ಅಂದರೆ ಎರಡೆರಡು ಹೇಳಿಕೆಗಳ ಸರಪಳಿ. ಪ್ರತಿ ಸಲ ಎರಡನ್ನೂ ಪೂರ್ತಿ ಓದಿ. ಮೊದಲನೆಯದು ಹೊಂದಿತು ಅಂತ ಎರಡನೆಯದನ್ನು ಬಿಡಬೇಡಿ. ಕೇಳಿದ ಲಕ್ಷಣ ನಿಮ್ಮ ಫೋಟೋದಲ್ಲಿ ಕಾಣದಿದ್ದರೆ ಎರಡೂ ದಾರಿಯಲ್ಲಿ ಹೋಗಿ, ಕೊನೆಗೆ ಯಾವುದು ಒಪ್ಪುತ್ತದೆ ನೋಡಿ. ಆ ಕೀಲಿ ಯಾವ ಸಮುದ್ರಕ್ಕಾಗಿ ಬರೆದದ್ದು ಅನ್ನುವುದನ್ನು ಶುರುವಿನಲ್ಲೇ ಖಾತ್ರಿ ಮಾಡಿಕೊಳ್ಳಿ.

ಸಿಕ್ಕ ಹೆಸರನ್ನು ವರ್ಲ್ಡ್ ರಿಜಿಸ್ಟರ್ ಆಫ್ ಮರೈನ್ ಸ್ಪೀಶೀಸ್ ಎಂಬ ಅಂತರ್ಜಾಲ ಪಟ್ಟಿಯಲ್ಲಿ ಹುಡುಕಿ. ಹಳೆಯ ಹೆಸರಾಗಿದ್ದರೆ ಈಗ ಒಪ್ಪಿರುವ ಹೆಸರು ಅಲ್ಲೇ ಸಿಗುತ್ತದೆ. ಸಿಲಿಯೋಪಾಗುರಸ್ ಕುಲವೇ ಬೇರೆಯಾದದ್ದು 1995ರಲ್ಲಿ. ಅದಕ್ಕೆ ಮುಂಚಿನ ಬರಹಗಳಲ್ಲಿ ಅವು ಟ್ರೈಜೋಪಾಗುರಸ್ ಹೆಸರಿನಲ್ಲಿವೆ. ಕಾಲ್ಸಿನಸ್ ಕುಲವನ್ನು ಡಯೋಜಿನಿಡೇಯಿಂದ ತೆಗೆದು ಕಾಲ್ಸಿನಿಡೇ ಎಂಬ ಕುಟುಂಬದಲ್ಲಿ ಇಡುವ ವಿಂಗಡಣೆಯೂ ಈಚೆಗೆ ಬಂದಿದೆ. ಎರಡು ಕಡೆ ಎರಡು ಕುಟುಂಬ ಕಂಡರೆ ಗಾಬರಿ ಬೇಡ.

ಹೆಸರಿನ ಪಕ್ಕದ ಆವರಣ ಚಿಹ್ನೆಯೂ ಸುಮ್ನೆ ಇಟ್ಟದ್ದಲ್ಲ. ಕಾಲ್ಸಿನಸ್ ಎಲೆಗನ್ಸ್ (ಎಚ್. ಮಿಲ್ನ್ ಎಡ್ವರ್ಡ್ಸ್, 1836) ಎಂದರೆ ಅವರು 1836ರಲ್ಲಿ ಪ್ರಭೇದವನ್ನು ವರ್ಣಿಸಿದಾಗ ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಅದು ಕಾಲ್ಸಿನಸ್‌ಗೆ ಬಂತು. ಪಾಗುರಿಸ್ಟಿಸ್ ಕೆಡೆನಾಟಿ ಫೊರೆಸ್ಟ್, 1954 ಎಂಬಲ್ಲಿ ಆವರಣ ಇಲ್ಲ. ಮೊದಲಿನಿಂದ ಅದೇ ಕುಲ.

ಎಲ್ಲ ನೋಡಿಯೂ ಯಾವುದಕ್ಕೂ ಹೊಂದದ ಏಡಿ ಸಿಕ್ಕರೆ? ಹೊಸ ಪ್ರಭೇದ ಎಂದು ಘೋಷಿಸುವ ಮೊದಲು ಮರಿಯೇ, ಕೈ ಮುರಿದದ್ದೇ, ಬೇರೆ ಸಮುದ್ರದ್ದೇ ಎಂದು ನೋಡಿ. ಆಮೇಲೂ ಉಳಿದರೆ ತಜ್ಞರಿಗೆ ಫೋಟೋ ಕಳಿಸಿ. ಅವರು ಅನುಮತಿ ಪಡೆದು ಮಾದರಿ ತೆಗೆದು, ಒಂದು ಕಾಲಿನ ತುಂಡನ್ನು 95 ಶೇಕಡಾ ಆಲ್ಕೋಹಾಲಿನಲ್ಲಿಟ್ಟು ಡಿಎನ್‌ಎ ನೋಡುತ್ತಾರೆ. ಹೊಸದೇ ಆಗಿದ್ದರೆ ಒಂದು ಮಾದರಿಯನ್ನು ಹೊಲೊಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮಾದರಿ ಎಂದು ಮ್ಯೂಸಿಯಂನಲ್ಲಿ ಇಡುತ್ತಾರೆ. ಕೆರಿಬಿಯನ್‌ನ ಬೊನೇರ್ ದ್ವೀಪದಲ್ಲಿ ನೀರಿನಡಿ ತೆಗೆದ ಫೋಟೋಗಳಿಂದಲೇ ಶುರುವಾಗಿ, ಕೆಂಪು ಬಿಳಿ ಪಟ್ಟೆಯ ಪೈಲೋಪಾಗುರಾಪ್ಸಿಸ್ ಮಾಲಿಮುಲ್ಲೆರೇ 2017ರಲ್ಲಿ ಹೊಸ ಪ್ರಭೇದವಾಯಿತು. ಒಳ್ಳೆಯ ಫೋಟೋಗೆ ಅಷ್ಟು ಬೆಲೆ ಇದೆ.

ಒಂದು ಏಡಿ, ಶುರುವಿನಿಂದ

ಹಿಂದೂ ಮಹಾಸಾಗರದ ಒಂದು ಬಂಡೆ ತೀರ, ಇಳಿತದ ಹೊತ್ತು, ನೀರುಗುಂಡಿಯಲ್ಲಿ ನೀಲಿ ಬಳೆ ತೊಟ್ಟ ಕಾಲು ಕಂಡಿತು ಎಂದುಕೊಳ್ಳಿ. ಟಿಪ್ಪಣಿ ಹೀಗೆ ಬರೆಯುತ್ತೇನೆ:

"ಬೆಳಗ್ಗೆ, ಇಳಿತ. ಅಲೆ ಬಡಿಯುವ ಬಂಡೆ, ಆಳ ಒಂದು ಮೊಣಕೈ. ಶಂಖ: ಟರ್ಬೊ ಬಸವನಹುಳುವಿನದು. ಎಡ ಇಕ್ಕಳ ದೊಡ್ಡದು, ಎರಡೂ ಕೈ ಪೂರ್ತಿ ಬೆಳೆದಿವೆ. ಮೂರನೆಯ ಬಾಯಿಕಾಲುಗಳ ಬುಡ ಹತ್ತಿರ. ಬೆರಳ ತುದಿ ಬಿಳಿ, ಕಪ್ಪು ಉಗುರಿಲ್ಲ. ಅಂಗೈ ನುಣುಪು. ಕಾಲು ಕಪ್ಪು, ಅದರ ಮೇಲೆ ನೀಲಿ ಅಡ್ಡಬಳೆ. ಫೋಟೋ 1ರಿಂದ 7."

ಎಡ ಕೈ ಮತ್ತು ಬಾಯಿ ಡಯೋಜಿನಿಡೇ ಬಳಗವನ್ನು ತೋರಿಸುತ್ತವೆ. ಬಿಳಿ ತುದಿಯಿಂದ ಕ್ಲಿಬನೇರಿಯಸ್, ಡಾರ್ಡೇನಸ್ ಎರಡೂ ಬಿಟ್ಟುಹೋದವು, ಕಾಲ್ಸಿನಸ್ ಉಳಿಯಿತು. ಕಾಲ್ಸಿನಸ್ ಒಳಗೆ ಲೇವಿಮಾನಸ್ ಅಲ್ಲ, ಅದರ ದೊಡ್ಡ ಇಕ್ಕಳ ಕಂದು, ಬೆರಳು ಬಿಳಿ, ಕಾಲಿನಲ್ಲಿ ಇಂಥ ನೀಲಿ ಬಳೆ ಇಲ್ಲ. ಕಪ್ಪು ಕಾಲಿನ ಮೇಲೆ ಹೊಳೆಯುವ ನೀಲಿ ಬಳೆ, ಹಿಂದೂ ಮಹಾಸಾಗರ: ಕಾಲ್ಸಿನಸ್ ಎಲೆಗನ್ಸ್. ಈಗ ಆ ಹೆಸರು ಬರೆಯಲು ನನಗೆ ಧೈರ್ಯ ಇದೆ. ಇದೇ ಏಡಿಯ ಬೆರಳ ತುದಿ ಕಂಡಿರದಿದ್ದರೆ ಡಯೋಜಿನಿಡೇ ಬಳಗ ಎಂದಷ್ಟೇ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ "ಎಲೆಗನ್ಸ್ ಇರಬಹುದು" ಎನ್ನುತ್ತಿದ್ದೆ.

ಡಬ್ಬದಲ್ಲಿ ಹತ್ತು ನಿಮಿಷ ಸಾಕು. ನೀರು ಬಿಸಿಯಾಗುವ ಮೊದಲು ಏಡಿಯನ್ನು ಎತ್ತಿದ ಅದೇ ಗುಂಡಿಗೆ, ಬಂಡೆಯ ನೆರಳಿನ ಕಡೆಗೆ, ಶಂಖದ ಬಾಯಿ ಕೆಳಗೆ ಬರುವ ಹಾಗೆ ಇಡಿ. ಮೀಸೆ ಹೊರಬಂದು, ಕಾಲು ನೆಲ ಹಿಡಿದು, ಅದು ನಡೆದು ಹೋಗುವವರೆಗೆ ಅಲ್ಲೇ ಇರಿ.